ಮೇಲ್ವಿಚಾರಕರಿಲ್ಲದ ಪರೀಕ್ಷಾ ಕೊಠಡಿ

ಘಾನಾ ದೇಶದ ರಾಜಧಾನಿ ಅಕ್ರಾದಿಂದ ಗುಡ್ಡದ ದಾರಿ ಹಿಡಿದು ಉತ್ತರಕ್ಕೆ ಹೋದರೆ ಬೆರೆಕುಸೊ ಎಂಬ ಊರು ಸಿಗುತ್ತದೆ. ಅಲ್ಲಿರುವ ಅಶೇಸಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯ ದಿನ ಅಧ್ಯಾಪಕರು ಪ್ರಶ್ನೆಪತ್ರಿಕೆ ಹಂಚಿ ಕೊಠಡಿಯಿಂದ ಹೊರಗೆ ಹೋಗುತ್ತಾರೆ. ಕಾವಲಿಗೆ ಯಾರೂ ಉಳಿಯುವುದಿಲ್ಲ. ಪಕ್ಕದವನು ಚೀಟಿ ತೆಗೆದರೆ ಅದನ್ನು ತಿಳಿಸಬೇಕಾದವರು ಅಲ್ಲಿ ಬರೆಯುತ್ತ ಕೂತ ವಿದ್ಯಾರ್ಥಿಗಳೇ.

2008ರಲ್ಲಿ ವಿದ್ಯಾರ್ಥಿಗಳು ಮತ ಹಾಕಿ ಒಪ್ಪಿಕೊಂಡ ಈ ಕಟ್ಟಳೆಗೆ ಅಲ್ಲಿ ‘ಆನರ್ ಕೋಡ್’ ಎನ್ನುತ್ತಾರೆ. ನಕಲು ಮಾಡುವುದಿಲ್ಲ, ಮಾಡಿದವರನ್ನು ಕಂಡು ಸುಮ್ಮನಿರುವುದೂ ಇಲ್ಲ ಎಂಬುದು ಅದರ ತಿರುಳು. ಹಿಂದಿನವರು ಒಪ್ಪಿದ್ದಾರೆಂದು ಹೊಸಬರ ಮೇಲೆ ಅದನ್ನು ಹೇರುವುದಿಲ್ಲ. ಪ್ರತಿ ಹೊಸ ತಂಡವೂ ತನ್ನೊಳಗೆ ಚರ್ಚಿಸಿ, ಮತ ಹಾಕಿ, ಸೇರಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಆ ಚರ್ಚೆಯಲ್ಲಿ ಸುಲಭದ ಉತ್ತರಗಳಿಲ್ಲ. ಗೆಳೆಯನ ಮೇಲೆ ದೂರು ಕೊಡುವುದು ದ್ರೋಹವೇ? ಕೊಡದಿದ್ದರೆ ಕಷ್ಟಪಟ್ಟು ಓದಿದವನಿಗೆ ಮಾಡುವ ಮೋಸವಲ್ಲವೇ? ಹದಿನೆಂಟು–ಹತ್ತೊಂಬತ್ತರ ವಯಸ್ಸಿನವರು ಇದನ್ನು ತಾವೇ ತೂಗಿ ನೋಡಬೇಕು. ದೇಶದ ಮಾನ್ಯತಾ ಮಂಡಳಿಯೇ ಮೊದಮೊದಲು ಈ ಪದ್ಧತಿಗೆ ಆಕ್ಷೇಪ ಎತ್ತಿತ್ತು. ಆದರೂ ಅಶೇಸಿ ಅದನ್ನು ಬಿಡಲಿಲ್ಲ.

‘ವಿಮರ್ಶಾತ್ಮಕ ಚಿಂತನೆ’ ಎಂಬ ಮಾತು ಇಂದು ಪ್ರತಿ ಕಾಲೇಜಿನ ಕೈಪಿಡಿಯಲ್ಲೂ ಅಚ್ಚಾಗಿರುತ್ತದೆ. ಅದು ನಿಜಕ್ಕೂ ಬೆಳೆಯುವುದು ಹೇಗೆ ಎಂದು ತಿಳಿಯಬೇಕಾದರೆ ಬೆರೆಕುಸೊದ ಆ ಕೊಠಡಿಯತ್ತ ನೋಡಬೇಕು. ನಿರ್ಧಾರದ ಹೊಣೆಯನ್ನು ಹೊರದೆ ಯಾರೂ ಯೋಚಿಸಲು ಕಲಿಯುವುದಿಲ್ಲ.

ನೌಕರಿ ಬಿಟ್ಟು ಬಂದ ಎಂಜಿನಿಯರ್

ಅಶೇಸಿಯ ಸ್ಥಾಪಕ ಪ್ಯಾಟ್ರಿಕ್ ಅವುವಾ ಹುಟ್ಟಿ ಬೆಳೆದದ್ದು ಘಾನಾದಲ್ಲಿ. 1985ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಸ್ವಾರ್ತ್‌ಮೋರ್ ಎಂಬ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಿಗೆ, ಅಂದರೆ ವಿಜ್ಞಾನ, ಸಾಹಿತ್ಯ, ಸಮಾಜ ವಿಜ್ಞಾನಗಳನ್ನು ಬೆರೆಸಿ ಓದಿಸುವ ಕಾಲೇಜಿಗೆ ಹೋದರು. ಎಂಜಿನಿಯರಿಂಗ್ ಮತ್ತು ಅರ್ಥಶಾಸ್ತ್ರ ಎರಡನ್ನೂ ಓದಿದರು. ಊರಿನ ಶಾಲೆಗಳಲ್ಲಿ ಬಾಯಿಪಾಠ ಮಾಡಿ ಒಪ್ಪಿಸುವುದೇ ಓದಾಗಿತ್ತು. ಘಾನಾದ ವಿದ್ಯಾರ್ಥಿಗಳು ತಮ್ಮ ಓದಿನ ಬಗ್ಗೆ ಇಂದಿಗೂ ‘ಜಗಿ, ಸುರಿ, ಪಾಸಾಗು, ಮರೆ’ ಎನ್ನುವುದುಂಟು. ಸ್ವಾರ್ತ್‌ಮೋರ್‌ನ ಅಧ್ಯಾಪಕರಿಗೆ ಬಾಯಿಪಾಠ ಬೇಕಿರಲಿಲ್ಲ. ನೀನು ಏನು ಯೋಚಿಸಿದೆ, ಏಕೆ ಹಾಗೆ ಯೋಚಿಸಿದೆ ಎಂದು ಅವರು ಕೇಳುತ್ತಿದ್ದರು.

ಮೈಕ್ರೋಸಾಫ್ಟ್‌ನಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಅವುವಾ 1997ರಲ್ಲಿ ಅದನ್ನು ಬಿಟ್ಟರು. ಬರ್ಕ್‌ಲಿಯಲ್ಲಿ ಎಂಬಿಎ ಮುಗಿಸಿ ತಾಯ್ನಾಡಿಗೆ ಮರಳಿದರು. 2002ರಲ್ಲಿ ಅಕ್ರಾದ ಒಂದು ಬಾಡಿಗೆ ಮನೆಯಲ್ಲಿ 30 ವಿದ್ಯಾರ್ಥಿಗಳೊಂದಿಗೆ ಅಶೇಸಿ ಶುರುವಾಯಿತು. ಬೆರೆಕುಸೊದ ಸ್ವಂತ ಕ್ಯಾಂಪಸ್ ಸಿದ್ಧವಾದದ್ದು 2011ರಲ್ಲಿ. ಸ್ವತಂತ್ರ ವಿಶ್ವವಿದ್ಯಾಲಯದ ಸ್ಥಾನಮಾನ ಸಿಕ್ಕಿದ್ದು 2018ರಲ್ಲಿ.

ಅವುವಾ ಅವರ ತರ್ಕ ನೇರವಾದದ್ದು. ಅವರ ದೇಶದಲ್ಲಿ ಕಾಲೇಜು ಮೆಟ್ಟಿಲು ಹತ್ತುತ್ತಿದ್ದವರು ತೀರಾ ಕಡಿಮೆ. ನಾಳೆ ಕಚೇರಿ, ನ್ಯಾಯಾಲಯ, ಆಸ್ಪತ್ರೆಗಳನ್ನು ನಡೆಸುವವರು ಅವರೇ. ಪರೀಕ್ಷೆಯಲ್ಲಿ ಕದ್ದವನು ಖಜಾನೆಯಲ್ಲಿ ಕದಿಯಲು ಹಿಂಜರಿಯುತ್ತಾನೆಯೇ? ಪ್ರಶ್ನೆ ಕೇಳಲು ಹೆದರಿದವನು ಮೇಲಧಿಕಾರಿಯ ತಪ್ಪನ್ನು ತಪ್ಪೆನ್ನುತ್ತಾನೆಯೇ? ಹಾಗಾಗಿ ಅಶೇಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರೂ ಬರವಣಿಗೆ, ಸಾಹಿತ್ಯದ ಪಠ್ಯಗಳ ವಿಶ್ಲೇಷಣೆ, ಆಫ್ರಿಕಾ ಅಧ್ಯಯನವನ್ನು ಓದಲೇಬೇಕು. ನಾಯಕತ್ವದ ಸೆಮಿನಾರುಗಳ ಸರಣಿಯೊಂದಿದೆ. ಒಳ್ಳೆಯ ಸಮಾಜ ಎಂದರೇನು ಎಂಬಂಥ ಪ್ರಶ್ನೆಗಳು ಅಲ್ಲಿ ಚರ್ಚೆಗೆ ಬರುತ್ತವೆ. ಊರಿನ ಜನರ ನಡುವೆ ಹೋಗಿ ಸೇವೆ ಮಾಡುವುದೂ ಓದಿನ ಭಾಗವೇ.

ಮನಸ್ಸು ಹಾದುಹೋಗುವ ಹಂತಗಳು

ಇಂಥ ಓದು ಯುವ ಮನಸ್ಸಿನೊಳಗೆ ಏನು ಮಾಡುತ್ತದೆ? ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಗಳ ಆಪ್ತಸಲಹಾ ಕೇಂದ್ರ ನಡೆಸುತ್ತಿದ್ದ ವಿಲಿಯಂ ಪೆರಿ 1950ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ಅದೇ ವಿದ್ಯಾರ್ಥಿಗಳನ್ನು ವರ್ಷ ವರ್ಷವೂ ಕೂರಿಸಿಕೊಂಡು ಮಾತನಾಡಿಸಿದರು. ಅದರ ಫಲವಾದ ಪುಸ್ತಕ 1970ರಲ್ಲಿ ಪ್ರಕಟವಾಯಿತು.

ಪೆರಿ ಕಂಡಂತೆ, ಹೊಸದಾಗಿ ಕಾಲೇಜಿಗೆ ಬಂದವರು ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರವಿದೆ, ಅದು ಮೇಷ್ಟ್ರಿಗೆ ಗೊತ್ತಿದೆ ಎಂದು ನಂಬಿರುತ್ತಾರೆ. ಮೇಷ್ಟ್ರುಗಳೇ ಪರಸ್ಪರ ಒಪ್ಪದಿರುವುದನ್ನು ಕಂಡಾಗ ಆ ನಂಬಿಕೆ ಅಲುಗಾಡುತ್ತದೆ. ಆಗ ‘ಅವರವರ ಅಭಿಪ್ರಾಯ ಅವರವರದು’ ಎಂಬಲ್ಲಿಗೆ ಜಾರುತ್ತಾರೆ. ಕೆಲವರು ಅಲ್ಲೇ ನಿಂತುಬಿಡುತ್ತಾರೆ. ಮುಂದೆ ಸಾಗಿದವರಿಗೆ ಎಲ್ಲ ಅಭಿಪ್ರಾಯಗಳ ತೂಕವೂ ಒಂದೇ ಅಲ್ಲ, ಆಧಾರ ನೋಡಿ ತೂಗಬೇಕು ಎಂಬುದು ಅರಿವಾಗುತ್ತದೆ. ಕೊನೆಗೆ, ಪೂರ್ತಿ ಖಾತರಿ ಇಲ್ಲದಿದ್ದರೂ ಒಂದು ನಿಲುವಿಗೆ ಬಂದು ಅದಕ್ಕೆ ಬದ್ಧರಾಗಲು ಕಲಿಯುತ್ತಾರೆ.

ಪೆರಿ ಮಾತನಾಡಿಸಿದವರು ಬಹುತೇಕ ಹುಡುಗರು ಎಂಬ ಟೀಕೆ ನ್ಯಾಯವಾದದ್ದೇ. ನಾಲ್ವರು ಮಹಿಳಾ ಸಂಶೋಧಕರು 1986ರಲ್ಲಿ ಹೆಣ್ಣುಮಕ್ಕಳ ಅರಿವಿನ ದಾರಿಗಳ ಬಗ್ಗೆ ಬರೆದ ಪುಸ್ತಕ ಆ ಕೊರತೆಯನ್ನು ತುಂಬಲು ಮುಂದಾಯಿತು. ಆದರೂ ಪೆರಿ ಕಂಡದ್ದು ನಮ್ಮ ತರಗತಿಗಳಲ್ಲೂ ಕಾಣುತ್ತದೆ. ಒಂದು ಘಟನೆಗೆ ಎರಡು ವ್ಯಾಖ್ಯಾನ ಹೇಳಿ ನೋಡಿ, ‘ಪರೀಕ್ಷೆಗೆ ಯಾವುದು ಬರೀಬೇಕು ಸಾರ್?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ.

ಹೆಸರು ಸಾಲದು, ದುಡಿಮೆ ಬೇಕು

ಲಿಬರಲ್ ಆರ್ಟ್ಸ್ ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಚಿಂತನೆ ಬೆಳೆಯುವುದಿಲ್ಲ. ಸಮಾಜಶಾಸ್ತ್ರಜ್ಞರಾದ ರಿಚರ್ಡ್ ಆರಮ್ ಮತ್ತು ಜೋಸಿಪಾ ರೋಕ್ಸಾ ಅಮೆರಿಕದ 24 ಸಂಸ್ಥೆಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳ ತರ್ಕಶಕ್ತಿ ಮತ್ತು ಬರವಣಿಗೆಯನ್ನು ಅಳೆದು 2011ರಲ್ಲಿ ಪುಸ್ತಕ ಪ್ರಕಟಿಸಿದರು. ಮೊದಲ ಎರಡು ವರ್ಷಗಳಲ್ಲಿ ಶೇ 45ರಷ್ಟು ಮಂದಿಯಲ್ಲಿ ಹೇಳಿಕೊಳ್ಳುವಂಥ ಪ್ರಗತಿಯೇ ಇರಲಿಲ್ಲ. ಅರ್ಧದಷ್ಟು ವಿದ್ಯಾರ್ಥಿಗಳು ಹಿಂದಿನ ಸೆಮಿಸ್ಟರಿನಲ್ಲಿ 20 ಪುಟಕ್ಕಿಂತ ಹೆಚ್ಚು ಬರೆಸುವ ಒಂದು ವಿಷಯವನ್ನೂ ತೆಗೆದುಕೊಂಡಿರಲಿಲ್ಲ. ವಾರಕ್ಕೆ 40 ಪುಟ ಓದಿಸುವ ಮತ್ತು ಧಾರಾಳವಾಗಿ ಬರೆಸುವ ತರಗತಿಗಳಲ್ಲಿ ಕೂತವರು ಮುಂದೆ ಹೋಗಿದ್ದರು. ಮಾನವಿಕ ವಿಷಯಗಳು, ಸಮಾಜ ವಿಜ್ಞಾನ, ಮೂಲ ವಿಜ್ಞಾನ, ಗಣಿತ ಓದಿದವರ ಪ್ರಗತಿಯೂ ಹೆಚ್ಚಿತ್ತು. ಆರಮ್ ಮತ್ತು ರೋಕ್ಸಾ ಬಳಸಿದ ಪರೀಕ್ಷೆಯ ಅಳತೆಗೋಲಿನ ಬಗ್ಗೆ ತಕರಾರುಗಳು ಬಂದವು. ಆದರೆ ಓದಿಸದೆ, ಬರೆಸದೆ ಚಿಂತನೆ ಕಲಿಸಲಾಗದು ಎಂಬ ಮಾತು ಅದರಿಂದ ಸುಳ್ಳಾಗುವುದಿಲ್ಲ.

ಈ ಓದು ಹಣವಂತರಿಗೆ ಮಾತ್ರ ಎಂಬ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಣ್ಣ ತರಗತಿಗೆ ಹೆಚ್ಚು ಅಧ್ಯಾಪಕರು ಬೇಕು, ಖರ್ಚು ಏರುತ್ತದೆ. ಅಶೇಸಿ ತನ್ನ ವಿದ್ಯಾರ್ಥಿಗಳಲ್ಲಿ ದೊಡ್ಡ ಪಾಲಿಗೆ ವಿದ್ಯಾರ್ಥಿವೇತನ ಕೊಡುತ್ತದೆ, ಅದಕ್ಕಾಗಿ ದಾನಿಗಳನ್ನು ನೆಚ್ಚಿದೆ. ಪದವೀಧರರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಆರು ತಿಂಗಳೊಳಗೆ ಕೆಲಸವನ್ನೋ ಮುಂದಿನ ಓದನ್ನೋ ಸ್ವಂತ ಉದ್ಯಮವನ್ನೋ ಹಿಡಿಯುತ್ತಾರೆ ಎಂದು ಅದು ಹೇಳುತ್ತದೆ. ಚಿಂತನೆ ಹೊಟ್ಟೆ ತುಂಬಿಸುತ್ತದೆಯೇ ಎಂದು ಕೇಳುವವರಿಗೆ ಇದು ಉತ್ತರ.

ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಪದವಿ ಬಂತು. ವಿಜ್ಞಾನದವರೂ ಬೇರೆ ವಿಭಾಗದ ವಿಷಯವನ್ನು ಓಪನ್ ಎಲೆಕ್ಟಿವ್ ಆಗಿ ಓದುವ ದಾರಿ ತೆರೆಯಿತು. 2024–25ರಿಂದ ಮತ್ತೆ ಮೂರು ವರ್ಷದ ಪದವಿ. ನಮ್ಮ ಚರ್ಚೆಯೆಲ್ಲ ವರ್ಷದ ಲೆಕ್ಕದಲ್ಲೇ ಮುಗಿದುಹೋಯಿತು. ತರಗತಿಯೊಳಗೆ ಹುಡುಗರು ಎಷ್ಟು ಓದುತ್ತಾರೆ, ಎಷ್ಟು ಬರೆಯುತ್ತಾರೆ, ಎಷ್ಟು ವಾದ ಮಾಡುತ್ತಾರೆ ಎಂಬ ಮಾತು ಎಲ್ಲೂ ಗಟ್ಟಿಯಾಗಿ ಕೇಳಲಿಲ್ಲ.

ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೊರಟ ತಂದೆ–ತಾಯಂದಿರು ಪ್ಲೇಸ್‌ಮೆಂಟ್ ಕೇಳಲಿ, ಹಾಸ್ಟೆಲ್ ನೋಡಲಿ. ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಲಿ. ನನ್ನ ಮಗಳು ವಾರಕ್ಕೆ ಎಷ್ಟು ಪುಟ ಓದಬೇಕಾಗುತ್ತದೆ? ಅವಳು ಬರೆದದ್ದನ್ನು ಯಾರಾದರೂ ಓದಿ, ತಿದ್ದಿ ಹಿಂದಕ್ಕೆ ಕೊಡುತ್ತಾರೆಯೇ? ಮೇಷ್ಟ್ರು ಹೇಳಿದ್ದನ್ನು ಅವಳು ಒಪ್ಪದಿದ್ದರೆ ಏನಾಗುತ್ತದೆ? ಈ ಮೂರಕ್ಕೂ ನೇರ ಉತ್ತರ ಕೊಡುವ ಕಾಲೇಜು ಯಾವ ಊರಿನಲ್ಲಿದ್ದರೂ, ಅದರ ಹೆಸರು ಏನೇ ಇದ್ದರೂ, ಅಲ್ಲಿಗೇ ಸೇರಿಸಿ.