ಲೋಡ್ ಹಾಕಿ ನೋಡಿ, ಆಮೇಲೆ ರೊಕ್ಕ ಕೊಡಿ

ಹಳೇ ಪಿಕಪ್ ತಗೋಬೇಕು ಅಂತ ನನ್ನ ಗ್ಯಾರೇಜಿಗೆ ಬರುವವರು ಕೇಳುವುದು ಎರಡೇ ಮಾತು. ಯಾವ ಮಾಡೆಲ್ ಚಲೋ, ಎಷ್ಟು ಕಿಲೋಮೀಟರ್ ಓಡಿದ್ದರೆ ತಗೋಬಹುದು. ನಾನು ಅವರಿಗೆ ತಿರುಗಿ ಕೇಳುವುದು ಒಂದೇ: ಆ ಗಾಡಿ ಇಷ್ಟು ವರ್ಷ ಏನು ಹೊತ್ತಿತ್ತು?

ನಮ್ಮ ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಂಥ ಊರಲ್ಲಿ ಈ ಪ್ರಶ್ನೆಗೆ ಬಹಳ ಬೆಲೆ ಇದೆ. ಗಂಗಾವತಿ ಕಡೆಯ ಗಾಡಿ ಭತ್ತ ಹೇರಿರುತ್ತದೆ, ಕಾಲುವೆ ಬಯಲಿನ ಕೆಸರಲ್ಲಿ ಹೂತು ಎದ್ದಿರುತ್ತದೆ. ಕುಷ್ಟಗಿ ಕಡೆಯದು ದಾಳಿಂಬೆ ಹೊತ್ತಿರಬಹುದು, ಗ್ರಾನೈಟ್ ಕಲ್ಲೂ ಹೊತ್ತಿರಬಹುದು. ಯಲಬುರ್ಗಾದ್ದು ಮೆಕ್ಕೆಜೋಳ. ಹೊಸಪೇಟೆ ರಸ್ತೆಯ ಕಾರ್ಖಾನೆಗಳ ಹತ್ತಿರ ದುಡಿದದ್ದಾದರೆ ಕಬ್ಬಿಣದ ಸಾಮಾನು. ಕಲ್ಲಂಗಡಿ ಹೇರಿಕೊಂಡು ಹೈದರಾಬಾದಿಗೆ ಹೋಗಿಬಂದ ಗಾಡಿಯ ಮೀಟರಿನಲ್ಲಿ 2 ಲಕ್ಷ ಕಿಲೋಮೀಟರ್ ಇದ್ದರೂ ಹೆದ್ದಾರಿಯ ಮೇಲೆ ಒಂದೇ ಗಿಯರಿನಲ್ಲಿ ಹದವಾಗಿ ಓಡಿರುವುದರಿಂದ ಅದರ ಇಂಜಿನ್ ಗಟ್ಟಿಯಾಗಿರಬಹುದು. ಕ್ವಾರಿಯಲ್ಲಿ ಮಿತಿಮೀರಿ ಕಲ್ಲು ಹೊತ್ತು ಬರೇ 60 ಸಾವಿರ ಓಡಿದ ಗಾಡಿ ಇಂಜಿನ್ ಬಿಚ್ಚಿ ಬೋರ್ ಮಾಡಿಸುವ ಹಂತಕ್ಕೆ ಬಂದಿರಬಹುದು. ಊರೂರು ತಿರುಗಿ ನೀರಿನ ಕ್ಯಾನ್ ಕೊಟ್ಟ ಗಾಡಿಯ ಇಂಜಿನ್ ಚೆನ್ನಾಗಿದ್ದೂ ಕ್ಲಚ್ ಮುಗಿದಿರುತ್ತದೆ, ಯಾಕೆಂದರೆ ದಿನವಿಡೀ ನಿಲ್ಲುವುದು, ಮತ್ತೆ ಎಳೆಯುವುದು.

ಇತ್ತೀಚೆಗೆ ನಮ್ಮ ಹೋಬಳಿಯ ಹಳ್ಳಿಯೊಂದರ ಹುಡುಗನೊಬ್ಬ ಬೊಲೆರೊ ಪಿಕಪ್ ತಂದು ನಿಲ್ಲಿಸಿದ. ಏಜೆಂಟ್ ಒಬ್ಬ ನೋಡಿಕೊಂಡು ಬರಲು ಕೊಟ್ಟಿದ್ದ, ವ್ಯವಹಾರ ಇನ್ನೂ ಮುಗಿದಿರಲಿಲ್ಲ. "ಕಾಕಾ, ಬರೇ 80 ಸಾವಿರ ಓಡೇತಂತ, ಇಂಜಿನ್ ನೋಡ್ರಿ ಹೆಂಗ ಮಿಂಚ್ತೈತಿ" ಅಂದ. ನಿಜವೇ, ಬಾನೆಟ್ ಎತ್ತಿದರೆ ಕನ್ನಡಿ ಇದ್ದಂಗೆ ಇತ್ತು. "ತಮ್ಮಾ, ದುಡಿಯೋ ಗಾಡಿ ಇಂಜಿನ್ ಮ್ಯಾಲೆ ಧೂಳ ಇರಬೇಕಪಾ. ಇದನ್ನ ನಿನ್ನೆ ತೊಳದಾರ" ಅಂದೆ. ತೊಳೆದರೆ ಆಯಿಲ್ ಎಲ್ಲಿ ಸೋರುತ್ತಿತ್ತು ಅನ್ನುವ ಗುರುತೇ ಉಳಿಯುವುದಿಲ್ಲ. ಕ್ಲಚ್ ಪೆಡಲಿನ ರಬ್ಬರ್ ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. 80 ಸಾವಿರ ಕಿಲೋಮೀಟರಿಗೆ ರಬ್ಬರ್ ಹಾಗೆ ಸವೆಯುವುದಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಪೆಡಲನ್ನಲ್ಲ. ಕಂಪನಿ ಸರ್ವಿಸ್ ಸೆಂಟರಿಗೆ ಚಾಸಿ ನಂಬರ್ ಕೊಟ್ಟರೆ ಕೊನೆಯ ಸಲ ಸರ್ವಿಸಿಗೆ ಬಂದಾಗ ಎಷ್ಟು ಓಡಿತ್ತು ಅಂತ ಸಿಗುತ್ತದೆ. ಅದನ್ನು ಮೊದಲು ಕೇಳಿ.

ಇನ್ನು ಇಂಜಿನ್. ಮುಂಜಾನೆ, ಮಾಲೀಕ ಸ್ಟಾರ್ಟ್ ಮಾಡುವ ಮೊದಲೇ ಹೋಗಿ. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಚಾಲೂ ಮಾಡಿ ಇಟ್ಟಿದ್ದಾರೆ ಅಂತಲೇ ತಿಳಿಯಿರಿ. ಗಟ್ಟಿ ಡೀಸೆಲ್ ಇಂಜಿನ್ ತಣ್ಣಗಿದ್ದಾಗಲೂ ಬೇಗ ಹಿಡಿಯುತ್ತದೆ. ಸ್ಟಾರ್ಟ್ ಆದ ಮೇಲೆ ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕರಿ ಹೊಗೆ ಅಂದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೇ ಗಾಳಿ ಸಾಲುತ್ತಿಲ್ಲ. ಇಂಜೆಕ್ಟರ್, ಏರ್ ಫಿಲ್ಟರ್, ಟರ್ಬೊ, ಇವುಗಳಲ್ಲಿ ಒಂದರ ತಕರಾರು. ಬಿಳಿ ಹೊಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಇಂಜಿನ್ ಕಾದ ಮೇಲೂ ಬರುತ್ತಿದ್ದರೆ ಕಂಪ್ರೆಷನ್ ಕಮ್ಮಿಯಾಗಿರಬಹುದು, ಇಲ್ಲವೇ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ಆ ಗಾಡಿ ಬೇಡ.

ಇಂಜಿನ್ನಿನಲ್ಲಿ ನಾವು ಮೆಕ್ಯಾನಿಕ್‌ಗಳು ಮುಖ್ಯವಾಗಿ ನೋಡುವುದು ಬ್ಯಾಕ್ ಕಂಪ್ರೆಷನ್. ಇಂಜಿನ್ ಬಿಸಿಯಾಗಿ ಸಾವಕಾಶ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನೇ ಬೋರಲು ಮಾಡಿ ಬಾಯಿಯ ಮೇಲೆ ಇಡಿ. ಮುಚ್ಚಳ ಸಣ್ಣಗೆ ನಡುಗುತ್ತ ಕೂತರೆ ಪಿಸ್ಟನ್ ರಿಂಗ್ ಚೆನ್ನಾಗಿವೆ. ಪುಸುಪುಸು ಹೊಗೆ ಎದ್ದು ಮುಚ್ಚಳವನ್ನೇ ತಳ್ಳಿದರೆ ರಿಂಗ್, ಲೈನರ್ ಸವೆದು ಉರಿದ ಗಾಳಿ ಕೆಳಗಿನ ಆಯಿಲ್ ಚೇಂಬರಿಗೆ ನುಗ್ಗುತ್ತಿದೆ. ಅಂಥ ಇಂಜಿನ್ ಬಿಚ್ಚಿ ಪಿಸ್ಟನ್, ಲೈನರ್, ಹೆಡ್, ಬೇರಿಂಗ್ ಎಲ್ಲ ಮಾಡಿಸಿದರೆ ಖರ್ಚು ಲಕ್ಷದ ಹತ್ತಿರ ಹೋಗುವುದು ಹೊಸದಲ್ಲ. ಹೊಗೆ ಕಾಣದಿರಲಿ ಅಂತ ದಪ್ಪ ಆಯಿಲ್ ಸುರಿದು ಮಾರುವವರಿದ್ದಾರೆ. ತಣ್ಣಗಿನ ಇಂಜಿನ್ ಸೆಲ್ಫ್ ಹೊಡೆದಾಗ ಭಾರವಾಗಿ ತಿರುಗಿದರೆ ಬ್ಯಾಟರಿಯ ಜೊತೆಗೆ ಅದನ್ನೂ ಅನುಮಾನಿಸಿ.

ನಮ್ಮ ಜಿಲ್ಲೆಯಲ್ಲಿ ಇಂಜಿನ್ ಕೊಲ್ಲುವುದು ನೀರು. ಕೊಪ್ಪಳ ಭಾಗದ ಬೋರ್‌ವೆಲ್ ನೀರಲ್ಲಿ ಉಪ್ಪು, ಫ್ಲೋರೈಡ್ ಹೆಚ್ಚು. ಕೂಲೆಂಟಿಗೆ ರೊಕ್ಕ ಯಾಕೆ ಅಂತ ಅದೇ ನೀರನ್ನು ರೇಡಿಯೇಟರಿಗೆ ಹಾಕುತ್ತಾರೆ. ಮನೆಯಲ್ಲಿ ನೀರು ಕಾಯಿಸುವ ಹಂಡೆಯೊಳಗೆ ಕೂರುವ ಬಿಳಿ ಪೊರೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕೂರುತ್ತದೆ. ಬೇಸಿಗೆಯ 40 ಡಿಗ್ರಿ ಬಿಸಿಲಲ್ಲಿ ಲೋಡ್ ಎಳೆಯುವಾಗ ಇಂಜಿನ್ ಕುದಿಯುತ್ತದೆ, ಹೆಡ್ ಸೊಟ್ಟಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಬ್ಲಾಕ್ ಸುಲಭಕ್ಕೆ ಸಾಯುವುದಿಲ್ಲ. ನಮ್ಮ ತಾಲ್ಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲೇ ಕಬ್ಬಿಣ ಕರಗಿಸಿ ಸಿಲಿಂಡರ್ ಬ್ಲಾಕ್, ಹೆಡ್‌ಗಳ ಎರಕ ಹೊಯ್ಯುತ್ತಾರೆ. ಅಷ್ಟು ಗಟ್ಟಿ ಕಬ್ಬಿಣವನ್ನು ಕೆಡಿಸುವುದು ನಾವು ಸುರಿಯುವ ಒಂದು ಕೊಡ ಬೋರಿನ ನೀರು. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾಗಿ ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಹಸಿರು, ಗುಲಾಬಿ ಬಣ್ಣದ ಕೂಲೆಂಟ್ ಇದ್ದರೆ ಸರಿ. ತುಕ್ಕಿನ ಕೆಂಪು ನೀರಿದ್ದರೆ ಎಚ್ಚರ. ಇಂಜಿನ್ ಚಾಲೂ ಆದಾಗ ನೀರಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಮುಚ್ಚಳದ ಒಳಗೆ ಚಹಾದ ಬಣ್ಣದ ಕೆನೆ ಅಂಟಿದ್ದರೆ ನೀರು ಆಯಿಲಿನಲ್ಲಿ ಕೂಡಿಕೊಂಡಿದೆ. ಇನ್ನೊಂದು ಮಾತು. ಗಾಡಿ ಕಾಯುತ್ತದೆ ಅಂತ ಥರ್ಮೋಸ್ಟಾಟ್ ವಾಲ್ವ್ ತೆಗೆದು ಒಗೆಯುವ ರೂಢಿ ನಮ್ಮಲ್ಲಿದೆ. ಎಷ್ಟು ದೂರ ಹೋದರೂ ಟೆಂಪರೇಚರ್ ಮುಳ್ಳು ಮೇಲೇಳದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ.

ಗಿಯರ್ ಬಾಕ್ಸ್ ಅನ್ನು ನಿಂತಲ್ಲೇ ನೋಡಿದರೆ ಏನೂ ತಿಳಿಯುವುದಿಲ್ಲ. ಖಾಲಿ ಗಾಡಿ ಓಡಿಸಿ ಚಲೋ ಐತಿ ಅಂದುಕೊಳ್ಳುವವರೇ ಹೆಚ್ಚು. ಲೋಡ್ ಹಾಕಿ. ಗಂಗಾವತಿ ಕಡೆ ಭತ್ತದ ಚೀಲ 75 ಕಿಲೋ ಲೆಕ್ಕ. 750 ಕಿಲೋ ಹೊರುವ ಹಳೇ ಟಾಟಾ ಏಸಿಗೆ 10 ಚೀಲ, 1.3 ಟನ್ ಪಿಕಪ್ಪಿಗೆ 17 ಚೀಲ ಹಾಕಿ, ಏರು ಇರುವ ದಾರಿಯಲ್ಲಿ ಹೋಗಿ. ಮೂರನೇ ಗಿಯರಿನಲ್ಲಿ ಎಳೆಯುವಾಗ ಇಂಜಿನ್ ಸದ್ದು ಏರುತ್ತ ಹೋಗಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟ ತಕ್ಷಣ ಗಿಯರ್ ತಾನಾಗಿಯೇ ನ್ಯೂಟ್ರಲಿಗೆ ಜಿಗಿದರೆ ಒಳಗೆ ಹಲ್ಲು, ಫೋರ್ಕ್ ಸವೆದಿವೆ. ಲಿವರನ್ನು ಕೈಯಿಂದ ಒತ್ತಿ ಹಿಡಿದು ಓಡಿಸುವ ಡ್ರೈವರ್ ಪಕ್ಕದಲ್ಲಿದ್ದರೆ ಕೈ ತೆಗೆಯಲು ಹೇಳಿ. ಎರಡನೇ ಗಿಯರಿಗೆ ಇಳಿಸುವಾಗ ಕರ್ ಅಂದರೆ ಸಿಂಕ್ರೋ ರಿಂಗ್ ಮುಗಿದಿವೆ. ನ್ಯೂಟ್ರಲಿನಲ್ಲಿ ಗುಂಯ್‌ಗುಡುವ ಸದ್ದು ಕ್ಲಚ್ ತುಳಿದಾಗ ನಿಂತರೆ ಗಿಯರ್ ಬಾಕ್ಸಿನ ಬೇರಿಂಗ್. ತುಳಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್, ಅದು ಸಣ್ಣ ಖರ್ಚು. ಹಿಂದಿನ ಆಕ್ಸಲ್ ಹೌಸಿಂಗಿನಿಂದ ಎಳೆಯುವಾಗ ಒಂದು ಥರ, ಬಿಟ್ಟಾಗ ಒಂದು ಥರ ಕೂಗು ಬಂದರೆ ಒಳಗಿನ ಕ್ರೌನ್ ಪಿನಿಯನ್ ಸವೆದಿದೆ.

ಆಮೇಲೆ ಮಾಲೀಕನ ಒಪ್ಪಿಗೆ ಕೇಳಿ ಗಿಯರ್ ಬಾಕ್ಸಿನ ಕೆಳಗಿನ ಪ್ಲಗ್ ಬಿಚ್ಚಿಸಿ. ಸ್ವಲ್ಪ ಆಯಿಲ್ ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣದ ನುಣ್ಣನೆ ರಾಡಿ ಇದ್ದರೆ ಅದು ವಯಸ್ಸಿನ ಸವಕಳಿ. ಹಳದಿ ಮಿಂಚು ಕಂಡರೆ ಹಿತ್ತಾಳೆಯ ಸಿಂಕ್ರೋ ರಿಂಗ್ ಉದುರುತ್ತಿವೆ. ಉಗುರಿಗೆ ಸಿಗುವಷ್ಟು ಬಿಳಿ ಚೂರು ಬಂದರೆ ಹಲ್ಲು ಮುರಿದಿದೆ. ಆ ಹುಡುಗ ತಂದ ಪಿಕಪ್ಪಿನಲ್ಲಿ ಹಳದಿಯೂ ಇತ್ತು, ಚೂರೂ ಇತ್ತು. ಬ್ಯಾಕ್ ಕಂಪ್ರೆಷನ್ ನೋಡುವ ಪ್ರಮೇಯವೇ ಬರಲಿಲ್ಲ. ಗಾಡಿ ವಾಪಸು ಹೋಯಿತು.

ಮಾಡೆಲ್ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಭಾಗಕ್ಕೆ ನಾನು ಮೊದಲು ಹೇಳುವುದು ಬೊಲೆರೊ ಪಿಕಪ್ಪಿನ 2523 ಸಿಸಿ ನಾಲ್ಕು ಸಿಲಿಂಡರ್ ಇಂಜಿನ್. ಬಿಡಿಭಾಗ ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತದೆ, ಕೆಲಸ ಬಲ್ಲವರೂ ಸಿಗುತ್ತಾರೆ. ಅಶೋಕ್ ಲೇಲ್ಯಾಂಡ್ ದೋಸ್ತ್ 2011ರಲ್ಲಿ ಬಂದದ್ದು, 1478 ಸಿಸಿ ಮೂರು ಸಿಲಿಂಡರ್, ಹದವಾಗಿ ಬಳಸಿದ್ದರೆ ಒಳ್ಳೆಯ ಗಾಡಿ. 2005ರ ಟಾಟಾ ಏಸ್ 702 ಸಿಸಿ ಎರಡು ಸಿಲಿಂಡರಿನದು. ಸಂತೆ, ತರಕಾರಿಗೆ ಸಾಕು, ಆದರೆ 20 ಚೀಲ ಹೊತ್ತ ಏಸ್ ಯಾವ ಬೆಲೆಗೂ ಬೇಡ. ಕಾಮನ್ ರೈಲ್ ಇಂಜಿನ್ ತಗೊಳ್ಳುವವರು ಮೊದಲು ಡೀಸೆಲ್ ಫಿಲ್ಟರಿನ ನೀರು ಬಿಡಿಸಿ ನೋಡಿ. ಹೊಲದಲ್ಲಿ ಕ್ಯಾನಿನಲ್ಲಿಟ್ಟ ಡೀಸೆಲ್ ಹಾಕಿ ಇಂಜೆಕ್ಟರ್ ಕೆಡಿಸಿದ ಗಾಡಿ ಬಹಳ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಿಗೆ ಸ್ಕ್ಯಾನರ್ ಹಚ್ಚಿಸದೆ ರೊಕ್ಕ ಕೊಡಬೇಡಿ.

ಇಂಜಿನ್ ನಂಬರನ್ನು ಆರ್‌ಸಿಯೊಂದಿಗೆ ನೀವೇ ಕಣ್ಣಾರೆ ಹೋಲಿಸಿ. ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸಿ ಆರ್‌ಟಿಒದಲ್ಲಿ ಬರೆಸದೆ ಇದ್ದರೆ ಮುಂದೆ ಇನ್ಶೂರೆನ್ಸಿಗೂ ತೊಂದರೆ, ಫಿಟ್‌ನೆಸ್‌ಗೂ ತೊಂದರೆ. ಸರಕು ಗಾಡಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29 ಮತ್ತು 30. ಸಹಿ ಹಾಕಿಸಿಕೊಂಡ ಮೇಲೆಯೇ ಪೂರ್ತಿ ಹಣ ಕೊಡಿ.

ಲೋಡ್ ಹಾಕಿ ಓಡಿಸಲು ಮಾಲೀಕ ಒಪ್ಪದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ. ಒಪ್ಪಿ, ಗಾಡಿ ನಿಮ್ಮದಾದರೆ ಮನೆಗೆ ತಂದ ದಿನವೇ ಇಂಜಿನ್, ಗಿಯರ್ ಬಾಕ್ಸ್, ಹೌಸಿಂಗ್ ಮೂರರ ಆಯಿಲೂ ಬದಲಿಸಿ, ರೇಡಿಯೇಟರ್ ತೊಳೆಸಿ ಕೂಲೆಂಟ್ ಹಾಕಿ, ತಾರೀಖು, ಕಿಲೋಮೀಟರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ನೀವು ಆ ಗಾಡಿ ಮಾರುವಾಗ ಕೊಳ್ಳುವವರ ಕೈಗೆ ಆ ಪುಸ್ತಕವನ್ನೂ ಕೊಡಿ.