ಕಲ್ಲಿನ ಓದು ಊರಿಗೆ ಮರಳಲಿ

ತುಮಕೂರು ಜಿಲ್ಲೆಯ ಹುಳಿಯಾರು ಸೀಮೆಯಲ್ಲಿ ಬರಹದ ಕಲ್ಲುಗಳಿಗೆ ಕೊರತೆಯಿಲ್ಲ. ಕೆರೆ ಏರಿಯ ಮೇಲೆ, ತೆಂಗಿನ ತೋಟದ ಬದುವಿನಲ್ಲಿ, ಗುಡಿಯ ಹಿಂಬದಿಯಲ್ಲಿ ಅವು ಕಾಣಸಿಗುತ್ತವೆ. ಕೆಲವಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತಾರೆ. ನಿಧಿ ಇದೆಯೆಂದು ನಂಬಿ ಬುಡ ಅಗೆಯುವವರೂ ಇದ್ದಾರೆ. ಕಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳಿದರೆ ಹೇಳಬಲ್ಲವರು ಮಾತ್ರ ವಿರಳ.

ಹಾಗೆಂದು ಅವನ್ನು ಯಾರೂ ಓದಿಲ್ಲವೆಂದಲ್ಲ. ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಿ ಓದಿಸಿದ ಬಿ.ಎಲ್. ರೈಸ್, ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲೇ ಪ್ರಕಟಿಸಿದರು. ಚಿಕ್ಕನಾಯಕನಹಳ್ಳಿ, ತಿಪಟೂರು ಎಂದು ತಾಲ್ಲೂಕುವಾರು ವಿಂಗಡಿಸಿದ ಸಂಪುಟವದು. ಕಲ್ಲಿನ ಓದು ಪುಸ್ತಕ ಸೇರಿತು, ಊರಿಗೆ ಮರಳಲಿಲ್ಲ. ಅದನ್ನು ಮರಳಿಸುವ ಕೆಲಸ ಸಾರ್ವಜನಿಕ ಇತಿಹಾಸದ್ದು.

ಏನು ಈ ವಿದ್ಯೆ?

ಅಮೆರಿಕದ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ರಾಬರ್ಟ್ ಕೆಲ್ಲಿ ಮತ್ತು ಸಂಗಡಿಗರು ಸಾರ್ವಜನಿಕ ಇತಿಹಾಸವನ್ನು ಒಂದು ವ್ಯಾಸಂಗವಾಗಿ ಶುರುಮಾಡಿದರು. ಇತಿಹಾಸ ಓದಿದವರು ಮೇಷ್ಟರಾಗುವುದಷ್ಟೇ ಅಲ್ಲದೆ ವಸ್ತುಸಂಗ್ರಹಾಲಯ, ಪತ್ರಾಗಾರ, ಸರ್ಕಾರಿ ಕಚೇರಿ, ಸ್ಥಳೀಯ ಸಮುದಾಯಗಳ ನಡುವೆ ದುಡಿಯಲು ತಯಾರಾಗಲಿ ಎಂಬುದು ಉದ್ದೇಶ. ನಮ್ಮಲ್ಲಿ ಬೆಂಗಳೂರಿನ ಸೃಷ್ಟಿ ಕಲೆ ಮತ್ತು ವಿನ್ಯಾಸ ಸಂಸ್ಥೆಯಲ್ಲಿ ಇಂದಿರಾ ಚೌಧುರಿ ಅವರು ಸಾರ್ವಜನಿಕ ಇತಿಹಾಸ ಕೇಂದ್ರ ಕಟ್ಟಿ, ಜನರ ನೆನಪುಗಳನ್ನು ಧ್ವನಿಮುದ್ರಿಸಿ ಕಾಪಿಡುವ ಮೌಖಿಕ ಇತಿಹಾಸಕ್ಕೆ ದಾರಿ ಮಾಡಿದರು.

ಇದರಿಂದ ಊರಿಗೇನು ಲಾಭ ಎಂಬುದಕ್ಕೆ ಬೆಂಗಳೂರಿನ ಹೆಬ್ಬಾಳವೇ ಸಾಕ್ಷಿ. ಅಲ್ಲಿ 2018ರಲ್ಲಿ ಗಂಗ ದೊರೆ ಶ್ರೀಪುರುಷನ ಕಾಲದ, ಕಿತ್ತಯ್ಯ ಎಂಬ ವೀರನ ಶಾಸನ ಸಿಕ್ಕಿತು. ಅದರಲ್ಲಿರುವುದು ತಮ್ಮದೇ ನೆಲದ ಸಂಗತಿಯೆಂದು ತಿಳಿದ ಮೇಲೆ ಆಸಕ್ತರೂ ನಿವಾಸಿಗಳೂ ಕೈಜೋಡಿಸಿದರು, ಕಲ್ಲಿಗೊಂದು ಮಂಟಪವಾಯಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರಿ-ಆಯಾಮದ ಸ್ಕ್ಯಾನಿಂಗ್ ಮಾಡುತ್ತಿದೆ. ರೈಸ್ ದಾಖಲಿಸಿದ ಕಲ್ಲುಗಳಲ್ಲಿ ಎಷ್ಟೋ ಕಣ್ಮರೆಯಾಗಿರುವುದು ಕಲ್ಲು ಹುಡುಕುವ ಇಂಥ ತಿರುಗಾಟದಲ್ಲಿ ಗೊತ್ತಾಯಿತು. ಹುಳಿಯಾರಿನ ಸುತ್ತ ಅಂಥ ತಿರುಗಾಟ ತಡವಾದಷ್ಟೂ ನಷ್ಟ ನಮ್ಮದೇ.

ಎಲ್ಲಿ ಓದಬಹುದು?

ಹುಳಿಯಾರಿನಲ್ಲಿ ಬಿ.ಎ. ಮುಗಿಸಿದವರಿಗೆ ಹತ್ತಿರದ್ದು 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯ. ಅಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ, ಹಸ್ತಪ್ರತಿಗಳ ವಿಭಾಗವೂ ಇದೆ. ಹಳಗನ್ನಡ ಲಿಪಿ ಕಲಿಯಲು ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ತರಗತಿ ನೆರವಾಗುತ್ತದೆ. ಕಾಗದಪತ್ರಗಳತ್ತ ಒಲವಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ವರ್ಷದ ಡಿಪ್ಲೊಮಾ ಉಂಟು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಪತ್ರಾಗಾರ ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ತೆಗೆದುಕೊಳ್ಳುತ್ತದೆ.

ಇಂಥ ಕಡೆ ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆ ಮಾಡಿದ ಕೆಲಸವೂ ಕೈಯಲ್ಲಿದ್ದರೆ ತೂಕ ಹೆಚ್ಚು. ಆ ಅನುಭವಕ್ಕೆ ಬೆಂಗಳೂರಿನ ಬಸ್ಸು ಹತ್ತಲೇಬೇಕೆಂದಿಲ್ಲ.

ಊರಲ್ಲೇ ಅನುಭವ

ರೈಸ್ ಸಂಪುಟ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಿಮ್ಮ ಹೋಬಳಿಯ ಊರುಗಳನ್ನು ಗುರುತು ಮಾಡಿಕೊಳ್ಳಿ. ಹೋಗಿ ನೋಡಿ, ಕಲ್ಲು ಈಗಲೂ ಅಲ್ಲೇ ಇದೆಯೇ? ಅಳತೆ ಬರೆದುಕೊಳ್ಳಿ, ಮೊಬೈಲಿನಲ್ಲಿ ಸ್ಥಳ ಗುರುತಿಸಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಅಕ್ಷರಗಳು ಎದ್ದು ಕಾಣುತ್ತವೆ. ಸುಣ್ಣ ಬಳಿಯುವುದು, ತಂತಿಬ್ರಷ್ಷಿನಿಂದ ಉಜ್ಜುವುದು ಸಲ್ಲದು; ಅಕ್ಷರ ಸವೆದರೆ ಮತ್ತೆ ಬಾರದು. ಪಡಿಯಚ್ಚು ತೆಗೆಯುವುದನ್ನು ಬಲ್ಲವರ ಕೈಕೆಳಗೇ ಕಲಿಯಬೇಕು: ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಕಾಗದ ಅಕ್ಷರದ ತಗ್ಗಿಗೆ ಇಳಿದ ಮೇಲೆ ಮಸಿ ಒತ್ತುತ್ತಾರೆ. ತಗ್ಗಿನ ಅಕ್ಷರ ಬಿಳಿಯಾಗಿ ಮೂಡುತ್ತದೆ.

ಕಣ್ಣು ಪಳಗಲು ದೇವಾಲಯಗಳೂ ಹತ್ತಿರದಲ್ಲೇ ಇವೆ. ನಮ್ಮದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ 1261ರ ಹೊಯ್ಸಳ ಕಾಲದ ಯೋಗಮಾಧವ ದೇವಾಲಯವಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಕಲ್ಲೇಶ್ವರದ ಒಳಮಾಳಿಗೆಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿವ ಶಿವನಿದ್ದಾನೆ. ಅದೇ ಊರಿನ ಚೆನ್ನಕೇಶವ ಗುಡಿ ಅದಕ್ಕಿಂತ ಈಚಿನ ಹೊಯ್ಸಳರದ್ದು. ಒಂದೇ ದಿನದಲ್ಲಿ ಎರಡು ಕಾಲದ ಶಿಲ್ಪವನ್ನು ಹೋಲಿಸಿ ನೋಡಬಹುದು.

ಕಲ್ಲಿನಲ್ಲಿ ಇಲ್ಲದವರು

ದಂಡನಾಯಕರ ದಾನ ಕಲ್ಲಿಗೇರಿತು. ಕಂಬಳಿ ನೇಯ್ದವರು, ಕಾಯಿ ಸುಲಿದ ಆಳುಗಳು, ಅಟ್ಟದಲ್ಲಿ ವರ್ಷದ ಹತ್ತಿರ ಕಾಯಿ ಒಣಗಿಸಿ ಕೊಬ್ಬರಿ ಮಾಡಿದ ಮನೆಗಳ ಹೆಂಗಸರು ಅಲ್ಲಿಲ್ಲ. ಕಾಡುಗೊಲ್ಲರ ಇತಿಹಾಸ ಗಣೆಯೆಂಬ ಕೊಳಲಿನೊಂದಿಗೆ ಹಾಡುವ, ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಥನದಲ್ಲಿದೆ. ಇವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದೂ ಪರಂಪರೆಯ ಕೆಲಸವೇ. ಮೊದಲು ಒಪ್ಪಿಗೆ ಕೇಳಬೇಕು, ಅವಸರಪಡಿಸದೆ ಕೇಳಬೇಕು, ಬರೆದದ್ದನ್ನು ಅವರೆದುರು ಓದಿ ಹೇಳಬೇಕು. ಬೇಡವೆಂದದ್ದನ್ನು ಬಿಡಬೇಕು. ಅಜ್ಜಿಯ ಮಾತನ್ನು ತನ್ನ ಪ್ರಬಂಧಕ್ಕೆ ಸರಕು ಮಾಡಿಕೊಂಡು ಮತ್ತೆ ಆ ಹಟ್ಟಿಯ ಕಡೆ ತಲೆಹಾಕದವನು ಸಾರ್ವಜನಿಕ ಇತಿಹಾಸಕಾರನಲ್ಲ.

ಇದಕ್ಕೆ ಹೊಸ ಅನುದಾನ ಕಾಯಬೇಕಿಲ್ಲ. ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರವನ್ನು ಕಾಲೇಜುಗಳು ಹೇಗೂ ಹಳ್ಳಿಯಲ್ಲೇ ನಡೆಸುತ್ತವೆ. ಅದರಲ್ಲಿ ಎರಡು ದಿನ ಆ ಊರಿನ ಕಲ್ಲುಗಳ ಪಟ್ಟಿಗೆ, ಎರಡು ದಿನ ಹಿರಿಯರ ಮಾತಿಗೆ ಮೀಸಲಿಡಲಿ. ಕೊನೆಯ ದಿನ ಶಾಸನದ ಓದನ್ನು ಇಂದಿನ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯಲ್ಲೂ ಶಾಲೆಯಲ್ಲೂ ತೂಗುಹಾಕಲಿ. ವಿದ್ಯಾರ್ಥಿಗೆ ಅನುಭವ ಸಿಗುತ್ತದೆ. ಊರಿಗೆ ತನ್ನ ಕಲ್ಲಿನ ಮಾತು ತಿಳಿಯುತ್ತದೆ. ತಿಳಿದ ಊರು ಅದನ್ನು ತಾನೇ ಕಾಯುತ್ತದೆ.