ದೇವಯಾನಿಯ ಕೆಂಪು ಚುಕ್ಕೆಗಳ ಲೆಕ್ಕ

1964ರಲ್ಲಿ ಅಮೆರಿಕದ 'ಆಸ್ಟ್ರೋಫಿಸಿಕಲ್ ಜರ್ನಲ್' ಎಂಬ ಪತ್ರಿಕೆಯಲ್ಲಿ ಒಂದು ಪಟ್ಟಿ ಅಚ್ಚಾಯಿತು. ಒಟ್ಟು 688 ಕ್ರಮಸಂಖ್ಯೆಗಳು, ಒಂದೊಂದರ ಮುಂದೆಯೂ ಆಕಾಶದಲ್ಲಿ ಅದರ ಸ್ಥಾನ ತಿಳಿಸುವ ಅಂಕಿಗಳು. ಮತದಾರರ ಪಟ್ಟಿಯಷ್ಟೇ ನೀರಸವಾದ ಓದು. ಅದನ್ನು ತಯಾರಿಸಿದ ಇಬ್ಬರಲ್ಲಿ ಒಬ್ಬರಾದ ವಾಲ್ಟರ್ ಬಾಡೆ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಆದರೆ ವಿಶ್ವದ ಬಹುಪಾಲು ದ್ರವ್ಯ ಯಾರ ಕಣ್ಣಿಗೂ ಬಿದ್ದಿಲ್ಲ ಎಂಬ ಇಂದಿನ ತಿಳಿವಳಿಕೆಗೆ ಬುನಾದಿ ಹಾಕಿದ ಅಳತೆಗಳಲ್ಲಿ ಒಂದು, ಈ ಪಟ್ಟಿಯನ್ನು ಹಿಡಿದೇ ಹೊರಟಿತು.

ಪಟ್ಟಿಯಲ್ಲಿದ್ದವು ದೇವಯಾನಿ ಗೆಲಾಕ್ಸಿಯಲ್ಲಿ ಹೊಳೆಯುವ ಅನಿಲದ ಮೋಡಗಳು. ದೇವಯಾನಿ ಎಂದರೆ ಪಾಶ್ಚಾತ್ಯರ ಆಂಡ್ರೊಮೆಡಾ. ನಮ್ಮ ಆಕಾಶಗಂಗೆಯಂತೆಯೇ ಸುರುಳಿ ತೋಳುಗಳಿರುವ ಈ ನೆರೆಯ ಗೆಲಾಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಕಾರ್ತಿಕ ಮಾಸದಲ್ಲಿ ಚಂದ್ರನಿಲ್ಲದ ರಾತ್ರಿ ಎಂಟು–ಒಂಬತ್ತರ ಹೊತ್ತಿಗೆ, ಪೇಟೆಯ ದೀಪಗಳಿಂದ ದೂರ ನಿಂತು ಉತ್ತರಾಭಾದ್ರಾ ನಕ್ಷತ್ರದಿಂದ ಸ್ವಲ್ಪ ಉತ್ತರಕ್ಕೆ ನೋಡಿದರೆ, ಒರೆಸಿಬಿಟ್ಟ ಸುಣ್ಣದ ಕಲೆಯಂತೆ ಬರಿಗಣ್ಣಿಗೇ ಕಾಣುತ್ತದೆ. ಮೋಡಗಳು ಮಾತ್ರ ಕಾಣುವುದಿಲ್ಲ.

ಮೋಡ ಹೊಳೆಯುವುದು ಏಕೆ? ಅಲ್ಲಿರುವುದು ಮುಖ್ಯವಾಗಿ ಜಲಜನಕ, ಎಂದರೆ ಹೈಡ್ರೋಜನ್ ಅನಿಲ. ಮೋಡದೊಳಗೆ ಆಗತಾನೇ ಹುಟ್ಟಿದ ಭಾರೀ ನಕ್ಷತ್ರಗಳು ಅತಿನೇರಳೆ ಕಿರಣಗಳನ್ನು ಸೂಸುತ್ತವೆ. ಆ ಕಿರಣ ತಗುಲಿದ ಜಲಜನಕ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹೋಗುತ್ತದೆ. ಮತ್ತೆ ಪರಮಾಣುವಿಗೆ ಮರಳಿ ಮೆಟ್ಟಿಲಿಳಿದಂತೆ ಕೆಳಗಿಳಿಯುವಾಗ ಅದು ಬೆಳಕು ಬಿಡುತ್ತದೆ. ಒಂದು ನಿರ್ದಿಷ್ಟ ಮೆಟ್ಟಿಲಿನಲ್ಲಿ ಹೊರಡುವ ಬೆಳಕು 656.3 ನ್ಯಾನೋಮೀಟರ್ ಅಲೆಯುದ್ದದ ಕೆಂಪು. ವಿಜ್ಞಾನಿಗಳು ಇದನ್ನು 'ಹೈಡ್ರೋಜನ್ ಆಲ್ಫಾ' ಎನ್ನುತ್ತಾರೆ. ಇಂಥ ಭಾರೀ ನಕ್ಷತ್ರಗಳ ಆಯುಸ್ಸು ಕೆಲವೇ ದಶಲಕ್ಷ ವರ್ಷ. ಸೂರ್ಯನ ಆಯುಸ್ಸಿನ ಮುಂದೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹೀಗಾಗಿ ಎಲ್ಲಿ ಕೆಂಪು ಮೋಡವಿದೆಯೋ ಅಲ್ಲಿ ಹೆರಿಗೆಮನೆ ಇನ್ನೂ ತೆರೆದಿದೆ ಎಂದು ಅರ್ಥ.

ಬಾಡೆ 1931ರಲ್ಲಿ ಜರ್ಮನಿಯಿಂದ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೀಕ್ಷಣಾಲಯಕ್ಕೆ ಬಂದವರು. ಎರಡನೇ ಮಹಾಯುದ್ಧ ಶುರುವಾದಾಗ ಸಹೋದ್ಯೋಗಿಗಳು ಯುದ್ಧದ ಕೆಲಸಗಳಿಗೆ ಹೋದರು. ಶತ್ರುದೇಶದ ಪ್ರಜೆಯೆಂದು ಬಾಡೆಯವರನ್ನು ಅದರಿಂದ ದೂರವಿಟ್ಟರು. 100 ಅಂಗುಲದ ದೂರದರ್ಶಕ ಬಹುಮಟ್ಟಿಗೆ ಅವರ ಪಾಲಿಗೆ ಬಂತು. ಕೆಳಗಿನ ಲಾಸ್ ಏಂಜಲೀಸ್ ನಗರವೂ ಯುದ್ಧಭಯದಿಂದ ದೀಪ ಆರಿಸಿತ್ತು. ಅನುಮಾನದ ಮನುಷ್ಯನಿಗೆ ಒಲಿದ ಅದೃಷ್ಟ ಎನ್ನಬೇಕು. ದೇವಯಾನಿಯ ನಡುಭಾಗದ ನಕ್ಷತ್ರಗಳನ್ನು ಅವರು ಬಿಡಿಬಿಡಿಯಾಗಿ ಗುರುತಿಸಿದ್ದು ಆಗಲೇ. ಮುಂದೆ ಅದೇ ಗೆಲಾಕ್ಸಿಯಲ್ಲಿ ಕೆಂಪು ಮೋಡಗಳನ್ನು ಹುಡುಕಲು ತೊಡಗಿದರು.

ವಿಧಾನ ಹೇಳಲು ಸುಲಭ. ಕೆಂಪಿಗೆ ಸ್ಪಂದಿಸುವ ಗಾಜಿನ ಫಲಕದ ಮೇಲೆ, ಜಲಜನಕದ ಕೆಂಪನ್ನು ಬಿಡುವ ಶೋಧಕ ಇಟ್ಟು ಒಂದು ಚಿತ್ರ. ಬೇರೆ ಬಣ್ಣದಲ್ಲಿ ಇನ್ನೊಂದು. ಎರಡರಲ್ಲೂ ಇದ್ದದ್ದು ನಕ್ಷತ್ರ, ಮೊದಲನೆಯದರಲ್ಲಿ ಮಾತ್ರ ಎದ್ದು ಕಂಡದ್ದು ಅನಿಲ. ಕಷ್ಟವಿರುವುದು ತೀರ್ಮಾನದಲ್ಲಿ. ಅಂಟಿಕೊಂಡಂತಿರುವ ಎರಡು ಮೋಡಗಳನ್ನು ಒಂದೆನ್ನಬೇಕೇ, ಎರಡೆನ್ನಬೇಕೇ? ಸಾಯುವ ನಕ್ಷತ್ರ ಕಳಚಿದ ಅನಿಲದ ಹೊದಿಕೆಯೂ, ಸಿಡಿದ ನಕ್ಷತ್ರದ ಅವಶೇಷವೂ ಇದೇ ಕೆಂಪು ಬೆಳಕು ಬೀರುತ್ತವೆ. ಅವು ಹೆರಿಗೆಮನೆಗಳಲ್ಲ, ಮಸಣಗಳು. ಎರಡನ್ನೂ ಬೇರ್ಪಡಿಸುವ ತಲೆನೋವು ಇಂದಿಗೂ ತಪ್ಪಿಲ್ಲ.

ಗುರುತು ಹಾಕುತ್ತ ಹೋದಂತೆ ಮೋಡಗಳು ಎಲ್ಲೆಂದರಲ್ಲಿ ಚೆಲ್ಲಿಲ್ಲ, ದಾರಕ್ಕೆ ಪೋಣಿಸಿದ ಮಣಿಗಳಂತೆ ಸುರುಳಿ ತೋಳುಗಳ ಉದ್ದಕ್ಕೂ ಸಾಲಾಗಿವೆ ಎಂಬುದು ಕಂಡಿತು. ಈ ಸುಳಿವನ್ನು ಅಮೆರಿಕದ ವಿಲಿಯಂ ಮಾರ್ಗನ್ ಹಿಡಿದರು. ತೋಟದೊಳಗೆ ನಿಂತವನಿಗೆ ತೋಟದ ಆಕಾರ ಕಾಣದಂತೆ, ಆಕಾಶಗಂಗೆಯೊಳಗಿರುವ ನಮಗೆ ಅದರ ತೋಳುಗಳು ಕಾಣವು. ಮಾರ್ಗನ್ ತಮ್ಮ ಶಿಷ್ಯರಾದ ಆಸ್ಟರ್‌ಬ್ರಾಕ್ ಮತ್ತು ಶಾರ್ಪ್‌ಲೆಸ್ ಜೊತೆ ಸೂರ್ಯನ ಸುತ್ತಲಿನ ಇಂಥ ಮೋಡಗಳ ದೂರ ಅಳೆದು ನಕ್ಷೆ ಬಿಡಿಸಿದಾಗ ತೋಳುಗಳ ತುಂಡುಗಳು ಮೂಡಿಬಂದವು. ಅದು 1951ರ ಮಾತು.

1960ರಲ್ಲಿ ಬಾಡೆ ನಿಧನರಾದರು. ಅವರ ಪಟ್ಟಿಯನ್ನು ಪ್ರಕಟಣೆಗೆ ತಂದವರು ಹಾಲ್ಟನ್ ಆರ್ಪ್. ಅದನ್ನು ಮುಂದಿಟ್ಟುಕೊಂಡು ವೇರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ದೇವಯಾನಿ ಎಷ್ಟು ವೇಗದಲ್ಲಿ ತಿರುಗುತ್ತದೆಂದು ಅಳೆಯಲು ಅರಿಜೋನಾದ ದೂರದರ್ಶಕಗಳ ಬಳಿಗೆ ಹೋದರು. ಬಿಡಿ ನಕ್ಷತ್ರದ ಬೆಳಕು ಎಲ್ಲ ಬಣ್ಣಗಳಲ್ಲಿ ಹಂಚಿಹೋಗಿ ತೆಳುವಾಗುತ್ತದೆ. ಮೋಡದ ಬೆಳಕು ಕೆಲವೇ ಗೆರೆಗಳಲ್ಲಿ ಒಟ್ಟುಗೂಡಿರುತ್ತದೆ. ಆ ಗೆರೆ ತನ್ನ ಜಾಗದಿಂದ ಎಷ್ಟು ಸರಿದಿದೆ ಎಂದು ನೋಡಿದರೆ ಮೋಡದ ವೇಗ ತಿಳಿಯುತ್ತದೆ. ಆದರೆ ದೂರದರ್ಶಕಕ್ಕೆ ಕಣ್ಣಿಟ್ಟರೆ ಬಹುಪಾಲು ಮೋಡಗಳು ಕಾಣುತ್ತಲೇ ಇರಲಿಲ್ಲ. ಹತ್ತಿರದ ನಕ್ಷತ್ರವೊಂದನ್ನು ಹಿಡಿದು, ಅಲ್ಲಿಂದ ಅಳತೆಯಷ್ಟು ದೂರ ಸರಿದು, ಏನೂ ಕಾಣದ ಕತ್ತಲೆಗೆ ಉಪಕರಣ ಗುರಿಯಿಡಬೇಕಾಗಿತ್ತು. ಪಟ್ಟಿಯ ಅಂಕಿ ತಪ್ಪಿದ್ದರೆ ರಾತ್ರಿಯೇ ವ್ಯರ್ಥ. ಮಸುಕು ಬೆಳಕನ್ನು ಹಿಗ್ಗಿಸುವ, ಫೋರ್ಡ್ ರೂಪಿಸಿದ ಉಪಕರಣದಿಂದ ಒಂದೊಂದು ಚಿತ್ರಕ್ಕೆ ತಗಲುವ ಹೊತ್ತು ಹಲವು ಪಟ್ಟು ಇಳಿಯಿತು.

1970ರಲ್ಲಿ ಅವರು 67 ಮೋಡಗಳ ವೇಗ ಪ್ರಕಟಿಸಿದರು. ಸೌರವ್ಯೂಹದಲ್ಲಿ ಬುಧ ಸೆಕೆಂಡಿಗೆ 47 ಕಿ.ಮೀ. ಓಡಿದರೆ ದೂರದ ನೆಪ್ಚೂನ್ 5 ಕಿ.ಮೀ. ಚಿಲ್ಲರೆ. ದೇವಯಾನಿಯಲ್ಲೂ ಬೆಳಕು ಕಡಿಮೆಯಾಗುವ ಹೊರವಲಯದಲ್ಲಿ ವೇಗ ಹಾಗೆಯೇ ಕುಸಿಯಬೇಕಿತ್ತು. ಕುಸಿಯಲಿಲ್ಲ. ಕೇಂದ್ರದಿಂದ ಸುಮಾರು 78 ಸಾವಿರ ಜ್ಯೋತಿರ್ವರ್ಷ ಆಚೆಗೂ ಮೋಡಗಳು ಸೆಕೆಂಡಿಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಸುತ್ತುತ್ತಿದ್ದವು. ಅಷ್ಟು ವೇಗದ ಮೋಡವನ್ನು ಹಿಡಿದಿಡಲು ಕಾಣುವ ನಕ್ಷತ್ರಗಳ ಗುರುತ್ವ ಸಾಲದು. ಇಬ್ಬರೂ ಆಗ ದೊಡ್ಡ ಮಾತು ಆಡದೆ ಅಂಕಿಗಳನ್ನಷ್ಟೇ ಮುಂದಿಟ್ಟರು. ರೇಡಿಯೋ ದೂರದರ್ಶಕಗಳೂ ಇತರ ಗೆಲಾಕ್ಸಿಗಳೂ ಅದೇ ಕಥೆ ಹೇಳಿದ ಮೇಲೆ, ಆ ದಶಕದ ಕೊನೆಯ ಹೊತ್ತಿಗೆ 'ಕಪ್ಪು ದ್ರವ್ಯ'ದ ವಾದಕ್ಕೆ ಬಲ ಬಂತು. ಅದು ಏನೆಂಬುದು ಇನ್ನೂ ಬಗೆಹರಿದಿಲ್ಲ.

ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ. 2011ರಲ್ಲಿ ಕಿಟ್ ಪೀಕ್‌ನ 4 ಮೀಟರ್ ದೂರದರ್ಶಕದ ಚಿತ್ರಗಳನ್ನು ಕಂಪ್ಯೂಟರಿನಿಂದ ಜಾಲಾಡಿಸಿ 3691 ಮೋಡಗಳನ್ನು ಪಟ್ಟಿಮಾಡಲಾಯಿತು. ತೋಳುಗಳ ನಡುವಿನ ಬಯಲಿನಲ್ಲಿ ಇವುಗಳಲ್ಲಿ ಶೇ. 40ರಷ್ಟಿದ್ದರೂ ಅವು ಕೊಡುವ ಬೆಳಕು ಶೇ. 14 ಮಾತ್ರ. ಇಡೀ ದೇವಯಾನಿಯಲ್ಲಿ ವರ್ಷಕ್ಕೆ ಹುಟ್ಟುವ ನಕ್ಷತ್ರಗಳ ಒಟ್ಟು ತೂಕ ಅರ್ಧ ಸೂರ್ಯನಿಗಿಂತ ತುಸು ಕಡಿಮೆ ಎಂದೂ ಆ ಲೆಕ್ಕ ಹೇಳಿತು. ತೀರಾ ಮಂಕಾದ ಕೆಲವು ಕೈತಪ್ಪಿರಬಹುದು ಎಂದು ಪಟ್ಟಿ ಮಾಡಿದವರೇ ಬರೆದಿದ್ದಾರೆ. ಹೊಸ ಸಂಖ್ಯೆಗಳು ಬಂದರೂ, ದೇವಯಾನಿಯ ಹೆಸರಾಂತ ಮೋಡಗಳನ್ನು ಸಂಶೋಧಕರು ಕರೆಯುವುದು ಬಾಡೆ ಮತ್ತು ಆರ್ಪ್ ಹೆಸರಿನ ಮೊದಲಕ್ಷರಗಳಾದ 'ಬಿ.ಎ.' ಸೇರಿಸಿದ ಹಳೆಯ ಕ್ರಮಸಂಖ್ಯೆಯಿಂದಲೇ.